ಕಾಡಿನ ಆರ್ಕಿಡ್, ಕುಂಡದ ಆರ್ಕಿಡ್

ಮುಂಗಾರು ಮಳೆ ಕಾಲಿಡುವ ಮುನ್ನ, ಮೇ ತಿಂಗಳ ಕೊನೆಯ ಹೊತ್ತಿಗೆ, ಮಲೆನಾಡಿನ ಹಳೆಯ ಹಲಸು, ಮಾವಿನ ಮರಗಳ ಕೊಂಬೆಯಿಂದ ನರಿಯ ಬಾಲದಂತೆ ಜೋಲುವ ಬಿಳಿ-ನೇರಿಳೆ ಬಣ್ಣದ ಹೂಗೊಂಚಲನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅದಕ್ಕೆ ಸೀತಾಳೆ ದಂಡೆ ಎಂದು ಹೆಸರು. ನಮ್ಮ ಹೆಣ್ಣುಮಕ್ಕಳು ಇದನ್ನು ಮುಡಿಯುವುದುಂಟು. ದೂರದ ಅಸ್ಸಾಮಿನಲ್ಲಿ ಇದೇ ಹೂವನ್ನು ಕೊಪೌ ಎಂದು ಕರೆಯುತ್ತಾರೆ. ಅಲ್ಲಿ ಬಿಹು ಹಬ್ಬದ ಕುಣಿತಕ್ಕೆ ನಿಂತ ಹೆಂಗಳೆಯರ ತುರುಬಿನಲ್ಲಿ ಈ ಹೂವು ಇರಲೇಬೇಕು. ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪವೂ ಇದೇ. ಸಸ್ಯಶಾಸ್ತ್ರಜ್ಞರು ಇದನ್ನು ರಿಂಕೋಸ್ಟೈಲಿಸ್ ರೆಟ್ಯೂಸ ಎನ್ನುತ್ತಾರೆ. ಇದು ಆರ್ಕಿಡ್ ಕುಟುಂಬದ ಗಿಡ.

ಈ ಗಿಡವನ್ನು ಒಬ್ಬನು ಮೀಸಲು ಅರಣ್ಯದ ಮರದಿಂದ ಕಿತ್ತು ತಂದು ಮಾರಿದರೆ ಅದು ಅಪರಾಧ. ಇನ್ನೊಬ್ಬನು ಬೀಜದಿಂದ ಬೆಳೆಸಿ ಮಾರಿದರೆ ಅದು ನ್ಯಾಯವಾದ ಕಸುಬು. ಎರಡು ಗಿಡಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಹೂವಿನಲ್ಲಿ ಯಾವ ವ್ಯತ್ಯಾಸವೂ ಕಾಣಿಸದು. ಹಾಗಿದ್ದರೂ ಕಾನೂನು ಇವೆರಡನ್ನು ಏಕೆ ಬೇರೆಬೇರೆಯಾಗಿ ನೋಡುತ್ತದೆ? ಇದು ತಿಳಿಯಬೇಕಾದರೆ ಮೊದಲು ಈ ಗಿಡದ ಬಾಳುವೆಯನ್ನು ತಿಳಿಯಬೇಕು.

ಮರದ ಮೇಲೆ ಬೆಳೆಯುವ ಆರ್ಕಿಡ್ಡನ್ನು ಹಳ್ಳಿಗಳಲ್ಲಿ ಸಾಮಾನ್ಯವಾಗಿ ಬಂದಳಿಕೆ ಎಂದು ಬಿಡುತ್ತಾರೆ. ಇದು ಸರಿಯಲ್ಲ. ನಿಜವಾದ ಬಂದಳಿಕೆ ತನ್ನ ಬೇರನ್ನು ಮರದ ತೊಗಟೆಯೊಳಕ್ಕೆ ನುಗ್ಗಿಸಿ ಮರದ ರಸವನ್ನೇ ಹೀರುತ್ತದೆ, ಅದು ಪರಾವಲಂಬಿ. ಆರ್ಕಿಡ್ ಹಾಗಲ್ಲ. ಅದಕ್ಕೆ ಮರದಿಂದ ಬೇಕಾದುದು ನಿಲ್ಲುವ ಜಾಗ ಮಾತ್ರ. ಅದರ ಬೇರು ತೊಗಟೆಯ ಮೇಲೆಯೇ ಹರಡಿ ಅಪ್ಪಿಕೊಂಡಿರುತ್ತದೆ, ಒಳಗೆ ಇಳಿಯುವುದಿಲ್ಲ. ಬೇರಿನ ಹೊರಗೆ ಸ್ಪಂಜಿನಂಥ ಬಿಳಿಯ ಪದರವಿದೆ. ಮಳೆಹನಿ, ಮಂಜು, ತೊಗಟೆಯ ಮೇಲೆ ಹರಿದು ಬರುವ ನೀರು, ಅದರಲ್ಲಿ ಕರಗಿದ ಎಲೆಗೊಳೆಯ ಸಾರ, ಇವನ್ನೆಲ್ಲ ಆ ಪದರವು ಹೀರಿಟ್ಟುಕೊಳ್ಳುತ್ತದೆ. ಕುಂಡದಲ್ಲಿ ಬೆಳೆಸಿದ ಯಾವುದಾದರೂ ಆರ್ಕಿಡ್ಡಿನ ಒಣಗಿದ ಬೇರಿನ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ಬಿಳಿಯ ಬೇರು ಕೆಲವೇ ಕ್ಷಣಗಳಲ್ಲಿ ಹಸಿರಾಗುತ್ತದೆ. ಪದರವು ನೀರು ಕುಡಿದು ಪಾರದರ್ಶಕವಾಗಿ, ಒಳಗಿನ ಹಸಿರು ಹೊರಗೆ ಕಾಣುವುದೇ ಇದಕ್ಕೆ ಕಾರಣ. ಬೇರಿನಲ್ಲೂ ಹಸಿರಿರುವ ಗಿಡವು ಮರದ ಅನ್ನವನ್ನು ಕದಿಯಬೇಕಾದ ಅಗತ್ಯವೇನಿದೆ?

ತಮಾಷೆಯೆಂದರೆ, ವಿದ್ವಾಂಸರೂ ಹೆಸರಿಡುವಾಗ ಈ ಗೊಂದಲವನ್ನು ಉಳಿಸಿಕೊಂಡಿದ್ದಾರೆ. ಕಲ್ಕತ್ತೆಯ ಸರ್ ವಿಲಿಯಂ ಜೋನ್ಸ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆರ್ಕಿಡ್ಡುಗಳ ಒಂದು ಕುಲಕ್ಕೆ ವ್ಯಾಂಡ ಎಂಬ ಹೆಸರನ್ನು ಬಳಸಿದರು. ಅದು ಮರದ ಮೇಲೆ ಬೆಳೆಯುವ ಬದನಿಕೆಗೆ ಸಂಸ್ಕೃತದಲ್ಲಿರುವ ವಂದಾ, ವಂದಾಕ ಎಂಬ ಮಾತಿನಿಂದ ಬಂದುದು. ಲೋಕದಾದ್ಯಂತ ಹೂವಿನ ಅಂಗಡಿಗಳಲ್ಲಿ ಇಂದು ಓಡಾಡುತ್ತಿರುವ ವ್ಯಾಂಡ ಎಂಬ ಪದವು ನಮ್ಮ ದೇಶದ್ದೇ.

ಭೂಮಿಯ ಮೇಲೆ ಸುಮಾರು 28,000 ಜಾತಿಯ ಆರ್ಕಿಡ್ಡುಗಳಿವೆ. ಭಾರತೀಯ ಸಸ್ಯ ಸರ್ವೇಕ್ಷಣಾ ಇಲಾಖೆಯು 2019ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ನಮ್ಮ ದೇಶದಲ್ಲಿ 1,256 ಜಾತಿಗಳಿವೆ. ಅವುಗಳಲ್ಲಿ 388 ಬೇರೆಲ್ಲೂ ಇಲ್ಲದವು. ಪಶ್ಚಿಮ ಘಟ್ಟದ ಪಾಲೂ ಇದರಲ್ಲಿ ದೊಡ್ಡದು. ನಮ್ಮ ಮಲೆನಾಡನ್ನು ಹೊತ್ತು ನಿಂತ ಈ ಘಟ್ಟವು ಕರ್ನಾಟಕದ ಗಡಿಗೆ ಮುಗಿಯುವುದಿಲ್ಲ. ನೀಲಗಿರಿಯನ್ನು ದಾಟಿ, ಪಾಲಕ್ಕಾಡಿನ ಕಣಿವೆಯಲ್ಲಿ ಒಮ್ಮೆ ಕಡಿದು, ಮತ್ತೆ ಎದ್ದು ತಮಿಳುನಾಡು ಕೇರಳಗಳ ನಡುವೆ ದಕ್ಷಿಣಕ್ಕೆ ಸಾಗುತ್ತದೆ. ಅಲ್ಲಿ ಪೂರ್ವಕ್ಕೆ ಚಾಚಿಕೊಂಡ ಒಂದು ಕವಲೇ ಪಳನಿ ಬೆಟ್ಟ. ನಮ್ಮ ಕಡೆಯ ಶಾಲೆಗಳು ಪ್ರವಾಸ ಹೋಗುವ ಕೊಡೈಕೆನಾಲ್ ಇರುವುದು ಆ ಬೆಟ್ಟದ ಮೇಲೆ, ದಿಂಡಿಗಲ್ ಜಿಲ್ಲೆಯಲ್ಲಿ. ಪಳನಿ ಬೆಟ್ಟದ ದಕ್ಷಿಣಕ್ಕೆ ತೇನಿ ಜಿಲ್ಲೆ. ಅಲ್ಲಿ ಮೇಘಮಲೆ ಮತ್ತು ಏಲಕ್ಕಿ ಬೆಟ್ಟಗಳ ನಡುವೆ ಮಲಗಿರುವುದು ಕಂಬಂ ಕಣಿವೆ.

ಈ ಕಣಿವೆ ನಮಗೆ ತೀರ ಪರಕೀಯವೇನಲ್ಲ. ಕಂಬಂ ಸುತ್ತಿನ ಕಾಪ್ಪಿಲಿಯರ ಮನೆಮಾತು ಇಂದಿಗೂ ಕನ್ನಡ. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಹೋಗಿ ನೆಲೆಸಿದವರು ಇವರು. ಮುಲ್ಲೈಪೆರಿಯಾರ್ ಅಣೆಕಟ್ಟಿನಿಂದ ಬೆಟ್ಟ ಕೊರೆದು ತಂದ ನೀರಿನಲ್ಲಿ ಕಣಿವೆಯ ತಳದಲ್ಲಿ ಭತ್ತ, ದ್ರಾಕ್ಷಿ, ಬಾಳೆ ಬೆಳೆಯುತ್ತವೆ. ಮೇಲೆ ಬೆಟ್ಟದಲ್ಲಿ ಏಲಕ್ಕಿ, ಕಾಫಿ, ಚಹ. ಬೋಡಿನಾಯಕನೂರು ಏಲಕ್ಕಿಯ ದೊಡ್ಡ ಪೇಟೆ. ಒಂದೇ ದಿನದ ಪ್ರಯಾಣದಲ್ಲಿ ಹುಣಸೆ, ಜಾಲಿಗಳ ಒಣ ಬಯಲಿನಿಂದ ಹೊರಟು, ಮಂಜು ಮುಸುಕಿದ ಶೋಲಾ ಕಾಡನ್ನು ಮುಟ್ಟಬಹುದು. ಆರ್ಕಿಡ್ಡುಗಳ ವೈವಿಧ್ಯಕ್ಕೆ ಈ ಎತ್ತರದ ವ್ಯತ್ಯಾಸವೇ ಕಾರಣ. ಬೆಟ್ಟದ ಬುಡದ ಒಣ ಕಾಡಿನಲ್ಲಿ, ಬಿಸಿಲು ತಾಳುವ ವ್ಯಾಂಡ ಟೆಸೆಲೇಟ ಮಾವು ಹುಣಸೆಗಳನ್ನು ಅಪ್ಪಿಕೊಂಡಿರುತ್ತದೆ. ಮೇಲೇರಿದಂತೆ ಏರಿಡಿಸ್ ರಿಂಜೆನ್ಸ್. ಇನ್ನೂ ಮೇಲೆ, ಪಾಚಿ ಕಟ್ಟಿದ ಶೋಲಾ ಮರಗಳ ಮೇಲೂ ಬಂಡೆಗಳ ಮೇಲೂ ಅಚ್ಚ ಬಿಳಿಯ ಹೂವಿನ ಸಿಲೊಜಿನ್ ನರ್ವೋಸ. ಮರದ ನೆರಳಿನ ನೆಲದಲ್ಲಿ ಕ್ಯಾಲಾಂತೆ. ತೆರೆದ ಹುಲ್ಲುಗಾವಲಿನಲ್ಲಿ ಗುಲಾಬಿ ಬಣ್ಣದ ತೆನೆಯೆತ್ತಿ ನಿಲ್ಲುವ ಸೆಟೀರಿಯಂ ನೇಪಾಲೆನ್ಸೆ. ಈ ಕೊನೆಯದು ಮರವನ್ನೇ ಹತ್ತುವುದಿಲ್ಲ. ನೆಲದೊಳಗೆ ಗಡ್ಡೆಯಿಟ್ಟುಕೊಂಡು ಬೇಸಗೆಯನ್ನು ನಿದ್ರಿಸಿ ಕಳೆದು, ಮಳೆಗೆ ಮತ್ತೆ ಚಿಗುರುತ್ತದೆ.

ಈ ಗಿಡಗಳನ್ನು ಗುರುತಿಸಿ ದಾಖಲಿಸಿದವರನ್ನು ಇಲ್ಲಿ ನೆನೆಯಬೇಕು. ಕೊಡೈಕೆನಾಲಿನ ಶೆಂಬಗನೂರಿನಲ್ಲಿ ಜೆಸೂಯಿಟ್ ಪಾದ್ರಿಗಳ ಸೇಕ್ರೆಡ್ ಹಾರ್ಟ್ ಕಾಲೇಜು 1895ರಲ್ಲಿ ಆರಂಭವಾಯಿತು. ಅಲ್ಲಿನ ವಸ್ತುಸಂಗ್ರಹಾಲಯವೂ ಆರ್ಕಿಡ್ ತೋಟವೂ ಹೆಸರಾದವು. ಫ್ರಾನ್ಸಿನಿಂದ ಬಂದ ಫಾದರ್ ಲೂಯಿ ಆಂಗ್ಲಾಡ್ (1873–1953) ಪಳನಿ ಬೆಟ್ಟದ ಗಿಡಗಳನ್ನು ಒಂದೊಂದಾಗಿ ಬಣ್ಣದಲ್ಲಿ ಬರೆದರು. ಅಂಥ ಚಿತ್ರಗಳು ಸುಮಾರು ಎರಡು ಸಾವಿರ. ಮುಂದೆ ತಿರುಚಿನಾಪಳ್ಳಿಯ ಫಾದರ್ ಕೆ. ಎಂ. ಮ್ಯಾಥ್ಯೂ ಪಳನಿ ಬೆಟ್ಟದ ಸಸ್ಯಸಂಪತ್ತಿನ ದೊಡ್ಡ ಗ್ರಂಥವನ್ನು 1999ರಲ್ಲಿ ಹೊರತಂದರು. ಕ್ಯಾಮೆರಾ ಇರುವ ಈ ಕಾಲದಲ್ಲಿ ಕುಂಚ ಹಿಡಿದು ಎರಡು ಸಾವಿರ ಗಿಡ ಬರೆಯುವ ತಾಳ್ಮೆಯನ್ನು ಊಹಿಸುವುದೂ ಕಷ್ಟ.

ಇಂಥ ಬೆಟ್ಟದಲ್ಲಿ ಆರ್ಕಿಡ್ಡುಗಳಿಗೆ ಕುತ್ತು ಬಂದದ್ದು ಕೀಳುವವರಿಂದ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಪಳನಿಯ ಮೇಲುಭಾಗದ ಹುಲ್ಲುಗಾವಲುಗಳನ್ನು ಒಂದು ಕಾಲದಲ್ಲಿ ಪಾಳುಭೂಮಿಯೆಂದು ತಿಳಿದು ವಾಟಲ್, ನೀಲಗಿರಿ, ಪೈನ್ ಮರಗಳನ್ನು ನೆಟ್ಟರು. ನೆರಳು ಬಿದ್ದ ಕಡೆ ಹುಲ್ಲಿನೊಡನೆ ಸೆಟೀರಿಯಂನಂಥ ನೆಲದ ಆರ್ಕಿಡ್ಡುಗಳೂ ಹೋದವು. ತೋಟಗಳಿಗಾಗಿ ಕಾಡು ಕಡಿದಾಗ, ಮರದೊಡನೆ ಅದರ ಮೇಲಿದ್ದ ಗಿಡಗಳೂ ನೆಲಕ್ಕುರುಳಿದವು. ಹೀಗೆ ನೆಲೆ ಕಿರಿದಾದ ಮೇಲೆ ಉಳಿದ ಕೆಲವನ್ನು ಮಾರಾಟಕ್ಕೆ ಕಿತ್ತರೆ ಅದು ಕೊನೆಯ ಪೆಟ್ಟಾಗುತ್ತದೆ. 2013ರಲ್ಲಿ ಕೊಡೈಕೆನಾಲ್ ವನ್ಯಧಾಮವೂ 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶವೂ ಘೋಷಣೆಯಾದವು. ಹುಲಿಗೆಂದು ಕಾದ ಕಾಡಿನಲ್ಲಿ ಆರ್ಕಿಡ್ಡಿಗೂ ಕಾವಲು ದೊರೆಯುತ್ತದೆ.

ಇನ್ನು ಮುಖ್ಯ ವಿಷಯ. ಕಿತ್ತ ಗಿಡದ ಜಾಗದಲ್ಲಿ ಇನ್ನೊಂದು ಏಕೆ ಬೇಗ ಹುಟ್ಟುವುದಿಲ್ಲ? ಬೀಜಕ್ಕೇನೂ ಬರವಿಲ್ಲ. ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಒಂದು ಸಾಧಾರಣ ಆರ್ಕಿಡ್ಡಿನ ಬೀಜಗಳನ್ನು ಎಣಿಸಿ ನೋಡಿದ. ಒಂದು ಕಾಯಿಯಲ್ಲಿ ಸುಮಾರು 6,200 ಬೀಜ. ಗಿಡದಲ್ಲಿ ಮೂವತ್ತು ಕಾಯಿ. ಒಟ್ಟು ಒಂದು ಲಕ್ಷದ ಎಂಬತ್ತಾರು ಸಾವಿರಕ್ಕೂ ಮೇಲೆ. ಎಲ್ಲವೂ ಮೊಳೆತು ಬೆಳೆದರೆ ಆ ಒಂದೇ ಗಿಡದ ಮರಿಮಕ್ಕಳು ಭೂಮಿಯ ನೆಲವನ್ನೆಲ್ಲ ಹೊದೆದಾವು ಎಂದು ಲೆಕ್ಕ ಹಾಕಿದ. ಹಾಗಾಗಲಿಲ್ಲವೆಂಬುದು ನಮ್ಮ ಕಣ್ಣೆದುರಿಗೇ ಇದೆ. ಏಕೆ?

ಒಂದು ಕಡಲೆಕಾಳನ್ನು ಬಿಡಿಸಿ ನೋಡಿ. ಎಳೆಯ ಮೊಳಕೆಯ ಜೊತೆಗೆ ಎರಡು ದಪ್ಪ ಬೇಳೆಗಳಿರುತ್ತವೆ. ಮೊಳಕೆಯು ಎಲೆ ಬಿಟ್ಟು ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವವರೆಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಅದು. ಆರ್ಕಿಡ್ಡಿನ ಬೀಜದಲ್ಲಿ ಈ ಬುತ್ತಿಯೇ ಇಲ್ಲ. ಬುತ್ತಿಯ ಭಾರವಿಲ್ಲದ ಕಾರಣ ಬೀಜವು ಧೂಳಿನಂತೆ ಹಗುರವಾಗಿ ಗಾಳಿಯಲ್ಲಿ ಮೈಲಿಗಟ್ಟಲೆ ಹಾರಬಲ್ಲದು, ಎತ್ತರದ ಕೊಂಬೆಯ ಬಿರುಕನ್ನೂ ಸೇರಬಲ್ಲದು. ಆದರೆ ಬಿದ್ದಲ್ಲಿ ಉಣ್ಣಲು ಏನೂ ಇಲ್ಲ. ಅಲ್ಲಿ ಒಂದು ಬಗೆಯ ಬೂಷ್ಟು, ಎಂದರೆ ಶಿಲೀಂಧ್ರ, ಇದ್ದು ಅದರ ಎಳೆಗಳು ಬೀಜದೊಳಕ್ಕೆ ಹೊಕ್ಕು ಆಹಾರವನ್ನು ಒದಗಿಸಿದರೆ ಮಾತ್ರ ಬೀಜ ಮೊಳೆಯುತ್ತದೆ. ಫ್ರಾನ್ಸಿನ ನೊಯೆಲ್ ಬರ್ನಾರ್ಡ್ ಎಂಬ ತರುಣ ವಿಜ್ಞಾನಿ ಇದನ್ನು 1899ರಲ್ಲಿ ಕಂಡುಹಿಡಿದ. ಲಕ್ಷ ಬೀಜಗಳಲ್ಲಿ ಸರಿಯಾದ ತೊಗಟೆ, ಸರಿಯಾದ ತೇವ, ಸರಿಯಾದ ಬೂಷ್ಟು ಮೂರೂ ಒಟ್ಟಿಗೆ ಸಿಕ್ಕುವ ಅದೃಷ್ಟ ಒಂದೆರಡಕ್ಕೆ ಮಾತ್ರ. ಮೊಳೆತ ಮೇಲೂ ಹೂ ಬಿಡಲು ಹಲವು ವರ್ಷ ಬೇಕು. ಮರ ಹತ್ತಿ ಅರ್ಧ ಗಂಟೆಯಲ್ಲಿ ಕೀಳುವ ಒಂದು ದೊಡ್ಡ ಹಿಂಡು, ಆ ಮರದ ಮೇಲೆ ಹತ್ತಾರು ವರ್ಷ ಬೆಳೆದಿರಬಹುದು.

ಶೀಷೆಯಲ್ಲಿ ಬೆಳೆಸುವ ದಾರಿ ತೆರೆದದ್ದು 1922ರಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಲೂಯಿಸ್ ನಡ್ಸನ್, ಬೂಷ್ಟು ಕೊಡುವುದು ಕೊನೆಗೂ ಸಕ್ಕರೆ ಮತ್ತು ಲವಣಗಳನ್ನೇ ಅಲ್ಲವೇ, ಅವನ್ನು ನಾವೇ ಕೊಟ್ಟರೆ ಹೇಗೆ ಎಂದು ಯೋಚಿಸಿದ. ಕಡಲ ಪಾಚಿಯಿಂದ ತೆಗೆದ ಅಗರ್ ಎಂಬ ಅಂಟಿನ ಗಂಜಿಯಲ್ಲಿ ಸಕ್ಕರೆ, ಲವಣಗಳನ್ನು ಕಲಸಿ, ಕುದಿಸಿ ಕ್ರಿಮಿಶುದ್ಧಿ ಮಾಡಿದ ಶೀಷೆಯೊಳಗೆ ಬೀಜ ಬಿತ್ತಿದ. ಬೂಷ್ಟಿನ ಹಂಗಿಲ್ಲದೆ ಬೀಜಗಳು ಮೊಳೆತವು. ಇಂದಿಗೂ ಮೂಲ ವಿಧಾನ ಇದೇ. ಕಾಯಿ ಬಲಿತು ಇನ್ನೇನು ಬಿರಿಯಬೇಕು ಎನ್ನುವ ಮುನ್ನ ಹಸಿರಿರುವಾಗಲೇ ಕೊಯ್ಯುತ್ತಾರೆ. ಹೊರಮೈಯನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಜ್ವಾಲೆಗೆ ಹಿಡಿದು, ಧೂಳಿಲ್ಲದ ಪೆಟ್ಟಿಗೆಯೊಳಗೆ ಸೀಳಿ ಬೀಜವನ್ನು ಉದುರಿಸುತ್ತಾರೆ. ಇಷ್ಟು ಮಡಿ ಏಕೆಂದರೆ, ನಾವು ಆರ್ಕಿಡ್ಡಿಗೆ ಇಟ್ಟ ಸಕ್ಕರೆ ಗಂಜಿಯು ಬೇರೆ ಬೂಷ್ಟುಗಳಿಗೂ ಹಬ್ಬದೂಟವೇ. ಒಂದೇ ಕಣ ಒಳಹೊಕ್ಕರೂ ಮೂರು ದಿನದಲ್ಲಿ ಶೀಷೆಯೆಲ್ಲ ಹಾಳು. ಕೆಲವು ವಾರ ಅಥವಾ ತಿಂಗಳುಗಳಲ್ಲಿ ಹಸಿರು ಸಾಸಿವೆಯಂಥ ಗುಂಡುಗಳು ಕಾಣಿಸುತ್ತವೆ. ಆಮೇಲೆ ಎಲೆ, ಬೇರು. ಒಂದೆರಡು ಸಲ ಶೀಷೆ ಬದಲಿಸಿ, ವರ್ಷದ ಆಸುಪಾಸಿನಲ್ಲಿ ಸಸಿಗಳನ್ನು ಹೊರಗೆ ತೆಗೆದು ನೆರಳಿನಲ್ಲಿ ಒಗ್ಗಿಸುತ್ತಾರೆ. ಹೂ ಕಾಣಲು ಬಿತ್ತಿದಂದಿನಿಂದ ಮೂರರಿಂದ ಏಳು ವರ್ಷ. ಕಾಯುವಿಕೆ ದೀರ್ಘವಾದರೂ ಒಂದು ಕಾಯಿಯಿಂದ ಸಾವಿರಾರು ಸಸಿ ದೊರೆಯುತ್ತದೆ, ತಾಯಿಗಿಡ ಮರದ ಮೇಲೆಯೇ ಉಳಿಯುತ್ತದೆ.

ಈ ವಿದ್ಯೆಯ ಬೆಲೆ ಏನೆಂಬುದಕ್ಕೆ ಒಂದು ಗಿಡದ ಕಥೆ ಸಾಕು. ಕಂಬಂ ಕಣಿವೆಗೆ ದಕ್ಷಿಣದಲ್ಲಿ, ಕೇರಳ ತಮಿಳುನಾಡುಗಳ ಗಡಿಯ ಅಗಸ್ತ್ಯಮಲೆಯಲ್ಲಿ, ಪೆಫಿಯೊಪೆಡಿಲಂ ಡ್ರೂರಿಯೈ ಎಂಬ ಆರ್ಕಿಡ್ ಇದೆ. ಹೂವಿನ ತುಟಿಯು ಪುಟ್ಟ ಪಾದರಕ್ಷೆಯಂತಿರುವ ಗುಂಪಿಗೆ ಸೇರಿದ್ದು. ದಕ್ಷಿಣ ಭಾರತದಲ್ಲಿ ಈ ಗುಂಪಿನ ಗಿಡ ಇದೊಂದೇ. ಹಳದಿ ದಳದ ನಡುವೆ ಕಂದು ಗೆರೆ ಎಳೆದಂತಿರುತ್ತದೆ. ಕರ್ನಲ್ ಡ್ರೂರಿ ಎಂಬ ಅಧಿಕಾರಿ 1865ರಲ್ಲಿ ಇದನ್ನು ಕಂಡ. ಅನಂತರ ಬಹುಕಾಲ ಮತ್ತೆ ಕಾಣಸಿಗಲಿಲ್ಲ. 1970ರ ದಶಕದಲ್ಲಿ ಮತ್ತೆ ಸಿಕ್ಕಿದಾಗ ಸುದ್ದಿ ಹರಡಿ, ವ್ಯಾಪಾರಕ್ಕಾಗಿ ಗಿಡಗಳನ್ನು ಕಿತ್ತು ಸಾಗಿಸಿದರು. ಕೆಲವೇ ವರ್ಷಗಳಲ್ಲಿ ತನ್ನ ಬೆಟ್ಟದ ಮೇಲೆ ಅದು ಇಲ್ಲವಾಗುವ ಸ್ಥಿತಿಗೆ ಬಂತು. ಆದರೆ ಶೀಷೆಯ ಬಿತ್ತನೆಯಿಂದ ಹೊರದೇಶಗಳ ಗಾಜಿನ ಮನೆಗಳಲ್ಲಿ ಅದು ಬೇಕಾದಷ್ಟಿದೆ! ತವರಿನಲ್ಲಿ ಅಪರೂಪ, ಪರದೇಶದ ಕುಂಡಗಳಲ್ಲಿ ಸಾಮಾನ್ಯ. ತಿರುವನಂತಪುರದ ಬಳಿ ಪಾಲೋಡಿನ ಸಸ್ಯೋದ್ಯಾನದವರು ಸಸಿಗಳನ್ನು ಬೆಳೆಸಿ ಮರಳಿ ಕಾಡಿಗೆ ನೆಡುವ ಕೆಲಸ ಕೈಗೊಂಡರು. ಬೆಳೆಸುವ ವಿದ್ಯೆ ಮೊದಲು ಬಂದು ಕೀಳುವವರು ಆಮೇಲೆ ಬಂದಿದ್ದರೆ ಈ ಕೆಲಸವೇ ಬೇಕಾಗುತ್ತಿರಲಿಲ್ಲ.

ಈಗ ಕಾನೂನು. ಪೋಷಕರು ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ವಿನಂತಿ.

ಮೀಸಲು ಅರಣ್ಯದಿಂದ ಯಾವುದೇ ಗಿಡವನ್ನು ಅಪ್ಪಣೆಯಿಲ್ಲದೆ ತರುವಂತಿಲ್ಲ. ಇದಕ್ಕೆ ತಮಿಳುನಾಡಿನಲ್ಲಿ 1882ರ ಅರಣ್ಯ ಕಾಯಿದೆಯಿದೆ, ಕರ್ನಾಟಕದಲ್ಲಿ 1963ರದು. ವನ್ಯಧಾಮದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಬಿಗಿಯಾದುದು. ಗಿಡ ಅಪರೂಪದ್ದೋ ಸಾಧಾರಣದ್ದೋ ಎಂಬ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಕಿತ್ತ ಜಾಗವೇ ಮುಖ್ಯ.

ಕೆಲವು ಗಿಡಗಳಿಗೆ ಇದಲ್ಲದೆ ವಿಶೇಷ ರಕ್ಷಣೆ ಉಂಟು. ವನ್ಯಜೀವಿ ಕಾಯಿದೆಗೆ 1991ರಲ್ಲಿ ಗಿಡಗಳ ಬಗೆಗೇ ಒಂದು ಹೊಸ ಅಧ್ಯಾಯ ಸೇರಿತು. ಆಗ ಪಟ್ಟಿಯಲ್ಲಿದ್ದವು ಆರು. ಅವುಗಳಲ್ಲಿ ಮೂರು ಆರ್ಕಿಡ್ಡುಗಳು: ನೀಲಿ ವ್ಯಾಂಡ, ಕೆಂಪು ವ್ಯಾಂಡ, ಮತ್ತು ಮೇಲೆ ಹೇಳಿದ ಪಾದರಕ್ಷೆ ಆರ್ಕಿಡ್ಡುಗಳ ಇಡೀ ಕುಲ. 2022ರ ತಿದ್ದುಪಡಿಯ ಬಳಿಕ ರಕ್ಷಿತ ಗಿಡಗಳ ಪಟ್ಟಿ ಮೂರನೆಯ ಅನುಸೂಚಿಯಲ್ಲಿದೆ. ಪಟ್ಟಿಯ ಗಿಡವನ್ನು ಕಾಡಿನಿಂದ ಕೀಳುವುದು ಮಾತ್ರವಲ್ಲ, ಪರವಾನಗಿಯಿಲ್ಲದೆ ಬೆಳೆಸುವುದೂ ಮಾರುವುದೂ ತಪ್ಪು. ಕೊಳ್ಳುವವನೂ ಪರವಾನಗಿ ಪಡೆದ ವ್ಯಾಪಾರಿಯಿಂದಲೇ ಕೊಳ್ಳಬೇಕು. ಪರವಾನಗಿ ಪಡೆದವನು ತನ್ನಲ್ಲಿರುವ ಗಿಡಗಳ ಲೆಕ್ಕವನ್ನು ಬರೆದಿಡಬೇಕು. ತಪ್ಪಿದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರಿಶಿಷ್ಟ ಪಂಗಡದವರು ತಮ್ಮ ಜಿಲ್ಲೆಯಲ್ಲಿ ತಮ್ಮ ಸ್ವಂತ ಬಳಕೆಗೆ ಇಂಥ ಗಿಡಗಳನ್ನು ತೆಗೆದುಕೊಳ್ಳಲು ಕಾಯಿದೆ ಅವಕಾಶ ಕೊಟ್ಟಿದೆ. ಪಳನಿ ಬೆಟ್ಟದ ಪಳಿಯರಂಥ ಜನ ತಲೆಮಾರುಗಳಿಂದ ಕಾಡಿನ ಗಿಡಮೂಲಿಕೆಗಳನ್ನು ಬಳಸಿಕೊಂಡು ಬಂದವರು. ಅವರ ಬದುಕಿಗೆ ಅಡ್ಡಿಯಾಗಬಾರದೆಂಬುದು ಇದರ ಆಶಯ. ಆದರೆ ಮಾರಾಟಕ್ಕೆ ಈ ವಿನಾಯಿತಿ ಸಲ್ಲದು. ಪೇಟೆಯ ವ್ಯಾಪಾರಿಯೊಬ್ಬ ಅವರ ಕೈಯಿಂದ ಕೀಳಿಸಿ ತಾನು ಲಾಭ ಮಾಡಿಕೊಳ್ಳುವುದಕ್ಕಂತೂ ಸಲ್ಲುವುದೇ ಇಲ್ಲ.

ಗಿಡವು ದೇಶದ ಗಡಿ ದಾಟುವುದಾದರೆ ಸೈಟೀಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಅನ್ವಯಿಸುತ್ತದೆ. ಇದು 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಆಗಿ, 1975ರಲ್ಲಿ ಜಾರಿಗೆ ಬಂತು. ಭಾರತ 1976ರಲ್ಲಿ ಸೇರಿತು. ಪಾದರಕ್ಷೆ ಆರ್ಕಿಡ್ಡುಗಳು ಇದರ ಮೊದಲನೆಯ ಅನುಬಂಧದಲ್ಲಿವೆ. ಕಾಡಿನಿಂದ ಕಿತ್ತ ಅಂಥ ಗಿಡದ ವ್ಯಾಪಾರವೇ ನಿಷಿದ್ಧ. ಉಳಿದ ಆರ್ಕಿಡ್ಡುಗಳು ಬಹುಪಾಲು ಎರಡನೆಯ ಅನುಬಂಧದಲ್ಲಿದ್ದು, ಅವುಗಳ ಸಾಗಣೆಗೆ ಅನುಮತಿಪತ್ರ ಬೇಕು. ನಮ್ಮ ಸರ್ಕಾರ ರಫ್ತಿಗೆ ಒಪ್ಪುವುದು ಬೆಳೆಸಿದ ಗಿಡಗಳಿಗೆ ಮಾತ್ರ. ಗಿಡವನ್ನು ಬೆಳೆಸಿದ್ದೆಂಬುದಕ್ಕೆ ಪ್ರಮಾಣಪತ್ರ, ಸೈಟೀಸ್ ಅನುಮತಿ, ರೋಗ ಕೀಟಗಳಿಲ್ಲವೆಂಬ ಪತ್ರ, ಇಷ್ಟೂ ಇಲ್ಲದೆ ಒಂದು ಕುಂಡವೂ ಹಡಗು ವಿಮಾನ ಹತ್ತುವಂತಿಲ್ಲ. ಮೊದಲನೆಯ ಅನುಬಂಧದ ಗಿಡಗಳನ್ನು ಬೆಳೆಸುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2022ರ ತಿದ್ದುಪಡಿ ಹೇಳುತ್ತದೆ. ಕಾಗದಪತ್ರಗಳ ಈ ಸರಮಾಲೆ ಸಣ್ಣ ಬೆಳೆಗಾರನಿಗೆ ಹೊರೆಯೇ ಸರಿ. ನನಗೆ ತೋರುವಂತೆ, ಇಲಾಖೆಗಳು ಇದನ್ನು ಸ್ವಲ್ಪ ಸುಲಭ ಮಾಡಿಕೊಟ್ಟರೆ ಕದ್ದು ಮಾರುವವನಿಗಿಂತ ಬೆಳೆಸಿ ಮಾರುವವನು ಮುಂದೆ ಬರುತ್ತಾನೆ.

ಮದುವೆ ಮಂಟಪಕ್ಕೆ ಕಟ್ಟುವ ನೇರಿಳೆ ಬಣ್ಣದ ಡೆಂಡ್ರೋಬಿಯಂ ಹೂಗಳ ಬಗ್ಗೆ ಅಳುಕು ಬೇಡ. ಅವು ತಳಿ ಬೆರಸಿ ತೋಟದಲ್ಲಿ ಬೆಳೆದವು. ಯಾವ ಕಾಡಿನಿಂದಲೂ ಬಂದವಲ್ಲ.

ಗಿಡ ಕೊಳ್ಳುವಾಗ ಕಾಡಿನದನ್ನು ಗುರುತಿಸುವ ಬಗೆ ಕಷ್ಟವಲ್ಲ. ಕಾಡಿನ ಗಿಡದ ಬೇರು ಚಪ್ಪಟೆಯಾಗಿ, ಹರಿದು, ತುದಿ ಮುರಿದಿರುತ್ತದೆ. ಅದರಲ್ಲಿ ತೊಗಟೆಯ ಚೂರು, ಪಾಚಿ ಅಂಟಿರುತ್ತದೆ. ಹಳೆಯ ಎಲೆಗಳ ಮೇಲೆ ಕೀಟ ತಿಂದ ಗುರುತು, ಕಲೆ, ಕಲ್ಲುಹೂವು ಕಾಣುತ್ತವೆ. ಒಂದೊಂದು ಗಿಡ ಒಂದೊಂದು ಗಾತ್ರ. ಬೆಳೆಸಿದ ಗಿಡಗಳಾದರೋ ಒಂದೇ ತರಗತಿಯ ಮಕ್ಕಳಂತೆ ಒಂದೇ ಪ್ರಾಯದವು. ಬೇರು ಕುಂಡದ ಆಕಾರಕ್ಕೆ ಸುತ್ತಿಕೊಂಡಿರುತ್ತದೆ. ಬಸ್ ನಿಲ್ದಾಣದಲ್ಲೋ ಬೆಟ್ಟದ ತಿರುವಿನಲ್ಲೋ ಯಾರಾದರೂ ಹರಕು ಬೇರಿನ ಗಿಡವನ್ನು ಚೀಲದಲ್ಲಿ ತಂದರೆ ಕೊಳ್ಳಬೇಡಿ. ಅದು ಬಹುತೇಕ ನಿಮ್ಮ ಮನೆಯಲ್ಲಿ ಬದುಕುವುದೂ ಇಲ್ಲ. ಕೊಡೈಕೆನಾಲಿನ ಮಂಜಿನಲ್ಲಿ ಬೆಳೆದ ಸಿಲೊಜಿನ್ ಬಳ್ಳಾರಿಯ ಬಿಸಿಲಿನಲ್ಲಿ ಎಷ್ಟು ದಿನ ಉಳಿದೀತು? ಬಯಲುಸೀಮೆಗೆ ಒಗ್ಗುವುದು ವ್ಯಾಂಡ ಟೆಸೆಲೇಟದಂಥ ಬಿಸಿಲು ತಾಳುವ ಜಾತಿಗಳು. ಮಲೆನಾಡಿನ ಮನೆಗಳಿಗೆ ಸೀತಾಳ ದಂಡೆ, ಏರಿಡಿಸ್. ಇವುಗಳ ಬೆಳೆಸಿದ ಸಸಿಯನ್ನು ಬಿಲ್ಲು ಕೊಡುವ ಸಸ್ಯಕ್ಷೇತ್ರದಿಂದ ಕೊಂಡು, ಆ ಬಿಲ್ಲನ್ನು ಜೋಪಾನವಾಗಿಡಿ.

ಸಾಕುವುದು ಸುಲಭ. ಮಣ್ಣು ಬೇಡ, ಮಣ್ಣಿನಲ್ಲಿ ಹೂತರೆ ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ. ಸುತ್ತಲೂ ತೂತುಗಳಿರುವ ಮಣ್ಣಿನ ಕುಂಡದಲ್ಲಿ ಇದ್ದಲು, ಇಟ್ಟಿಗೆ ಚೂರು, ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು ತುಂಬಿ. ಕೆಲವರು ಮರಜರಿಯ ಕಾಂಡದ ತುಂಡನ್ನು ಬಳಸುತ್ತಾರೆ. ಅದನ್ನು ಬಳಸದಿರುವುದೇ ಲೇಸು, ಏಕೆಂದರೆ ಮರಜರಿಯೂ ಸೈಟೀಸ್ ಪಟ್ಟಿಯಲ್ಲಿರುವ ಗಿಡ. ಬೆಳಗಿನ ಎಳೆಬಿಸಿಲು ಬೀಳಲಿ, ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ ಇರಲಿ. ಬೆಳಿಗ್ಗೆಯೇ ನೀರು ಹಾಕಿ. ಸುಳಿಯಲ್ಲಿ ನೀರು ನಿಂತು ರಾತ್ರಿಯಾದರೆ ಸುಳಿಕೊಳೆ ಹತ್ತುತ್ತದೆ. ಮಳೆನೀರು ಸಿಕ್ಕರೆ ಉತ್ತಮ. ಗೊಬ್ಬರವನ್ನು ಹೇಳಿದ ಪ್ರಮಾಣದ ಕಾಲುಭಾಗಕ್ಕೆ ತೆಳುಮಾಡಿ ಹದಿನೈದು ದಿನಕ್ಕೊಮ್ಮೆ ಚಿಮುಕಿಸಿದರೆ ಸಾಕು. ಗಡ್ಡೆಯಂಥ ಕಾಂಡಗಳ ಹಿಂಡಾಗಿ ಬೆಳೆಯುವ ಜಾತಿಗಳನ್ನು ಹೂ ಮುಗಿದ ಮೇಲೆ ಪಾಲು ಮಾಡಬಹುದು. ಒಂದೊಂದು ಪಾಲಿನಲ್ಲಿ ಮೂರು ನಾಲ್ಕು ಕಾಂಡವಾದರೂ ಉಳಿಯಬೇಕು.

ತೋಟವುಳ್ಳ ಪೋಷಕರಿಗೆ ಇನ್ನೊಂದು ಮಾತು. ಬೋಡಿಯ ಮೇಲಿನ ಏಲಕ್ಕಿ ತೋಟಗಳಲ್ಲಿಯೂ ನಮ್ಮ ಕಾಫಿ ತೋಟಗಳಲ್ಲಿಯೂ ಪ್ರತಿ ವರ್ಷ ಮರಗಸಿ ಮಾಡುವಾಗ ಆರ್ಕಿಡ್ ಹೊತ್ತ ಕೊಂಬೆಗಳು ನೆಲಕ್ಕೆ ಬೀಳುತ್ತವೆ. ಒಣಗಿ ಸೌದೆಯ ಜೊತೆ ಹೋಗುತ್ತವೆ. ಅವನ್ನು ಅಂದೇ ಬಿಡಿಸಿ ಅದೇ ತೋಟದ ಇನ್ನೊಂದು ಮರದ ಕವಲಿಗೆ ಬಾಳೆ ನಾರಿನಿಂದ ಕಟ್ಟಿಬಿಡಿ. ನಾರು ಕೊಳೆಯುವ ಹೊತ್ತಿಗೆ ಹೊಸ ಬೇರು ತೊಗಟೆ ಹಿಡಿದಿರುತ್ತದೆ. ಮಳೆಗಾಲದ ಆರಂಭದಲ್ಲಿ ಮಾಡಿದರೆ ಬಹುಪಾಲು ಉಳಿಯುತ್ತವೆ. ಖರ್ಚು ಏನೂ ಇಲ್ಲ.

ಆರ್ಕಿಡ್ಡಿನಿಂದ ಹಣ ಬರುವುದೇ ಎಂದು ಕೇಳುವವರಿಗೆ ವೆನಿಲ್ಲಾ ನೆನಪಿರಬೇಕು. ಅದೂ ಆರ್ಕಿಡ್ ಬಳ್ಳಿಯೇ, ಮೆಕ್ಸಿಕೋ ಕಡೆಯದು. ತವರಿನ ಕೀಟಗಳು ಇಲ್ಲದ ಕಡೆ ಅದು ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಒಂದು ಸಣ್ಣ ಕಡ್ಡಿಯಿಂದ ಹೂವಿನ ಒಳಪರದೆಯನ್ನು ಎತ್ತಿ ಪರಾಗವನ್ನು ಹೆಬ್ಬೆರಳಿನಿಂದ ಒತ್ತುವ ಉಪಾಯ ಕಂಡುಹಿಡಿದ. ಇಂದಿಗೂ ವೆನಿಲ್ಲಾ ಬೆಳೆಯುವವರು ಮಾಡುವುದು ಅದನ್ನೇ. ನಿಮ್ಮಷ್ಟೇ ಪ್ರಾಯದ ಹುಡುಗ! 2003–04ರ ಸುಮಾರಿಗೆ ಕರ್ನಾಟಕದಲ್ಲಿ ಹಸಿ ವೆನಿಲ್ಲಾ ಕಿಲೋಗೆ ಸಾವಿರಾರು ರೂಪಾಯಿಗೆ ಹೋಗಿ, ತೋಟಕ್ಕೆ ರಾತ್ರಿ ಕಾವಲು ಹಾಕುವಂತಾಯಿತು. ಎರಡು ಮೂರು ವರ್ಷಗಳಲ್ಲಿ ಬೆಲೆ ಕುಸಿದು, ಸಾಲ ಮಾಡಿ ಬಳ್ಳಿ ಹಬ್ಬಿಸಿದವರು ನಷ್ಟಕ್ಕೆ ಬಿದ್ದರು. ಆರ್ಕಿಡ್ ಹೂವು ಸಸಿಗಳ ವ್ಯಾಪಾರವೂ ರುಚಿ ಬದಲಾದಂತೆ ಏರಿಳಿಯುವಂಥದು. ಅನ್ನದ ಬೆಳೆಯನ್ನು ಬಿಟ್ಟು ಇದಕ್ಕೆ ಕೈಹಾಕುವುದಕ್ಕಿಂತ, ಹಿತ್ತಲಿನ ನೆರಳಿನಲ್ಲಿ ಐವತ್ತು ಕುಂಡ ಇಟ್ಟು ಕೈ ಪಳಗಿಸಿಕೊಳ್ಳುವುದು ಮೇಲು. ಹೆಚ್ಚಿನ ತಿಳಿವಳಿಕೆ ಬೇಕಾದವರಿಗೆ ಸಿಕ್ಕಿಮಿನ ಪಾಕ್ಯೋಂಗಿನಲ್ಲಿ 1996ರಲ್ಲಿ ಆರಂಭವಾದ ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರವಿದೆ. ದೇಶೀ ಜಾತಿಗಳನ್ನು ನೋಡಬಯಸುವವರಿಗೆ ತಮಿಳುನಾಡಿನ ಏರ್ಕಾಡಿನಲ್ಲಿ ಸಸ್ಯ ಸರ್ವೇಕ್ಷಣಾ ಇಲಾಖೆಯ ಆರ್ಕಿಡ್ ಉದ್ಯಾನವಿದೆ.

ಶಾಲೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಸಸ್ಯಕ್ಷೇತ್ರಗಳಲ್ಲಿ ಸ್ಪ್ಯಾಥೊಗ್ಲಾಟಿಸ್ ಎಂಬ ನೆಲದ ಆರ್ಕಿಡ್ ಅಗ್ಗಕ್ಕೆ ದೊರೆಯುತ್ತದೆ, ಕಾಡಿನದಲ್ಲ, ಬೆಳೆಸಿದ್ದು. ಹೂವಿನ ನಡುಗಂಬದ ತುದಿಯಲ್ಲಿ ಹಳದಿ ಪರಾಗದ ಪುಟ್ಟ ಗಂಟುಗಳಿವೆ. ಬೆಂಕಿಕಡ್ಡಿಯ ತುದಿಯಿಂದ ಒಂದನ್ನು ಮೆಲ್ಲನೆ ಎತ್ತಿ, ಇನ್ನೊಂದು ಹೂವಿನ ನಡುಗಂಬದ ಕೆಳಗಿರುವ ಅಂಟುಗುಳಿಗೆ ಒತ್ತಿರಿ. ಆ ದಿನಾಂಕವನ್ನು ಬರೆದ ಚೀಟಿಯನ್ನು ಹೂವಿನ ತೊಟ್ಟಿಗೆ ಕಟ್ಟಿ. ದಳ ಬಾಡಿ, ಹಿಂದಿನ ತೊಟ್ಟು ಉಬ್ಬಿ ಕಾಯಾಗುತ್ತದೆ. ಸುಮಾರು ಎರಡು ತಿಂಗಳೊಳಗೆ ಕಾಯಿ ಬಿರಿಯುವ ಹೊತ್ತಿಗೆ ಅದನ್ನು ಕರಿಯ ಕಾಗದದ ಮೇಲೆ ತಟ್ಟಿ. ಬೀಳುವ ಧೂಳನ್ನು ಸೂಕ್ಷ್ಮದರ್ಶಕದ ಗಾಜಿನ ಮೇಲಿಟ್ಟು ನೋಡಿದರೆ, ಬಲೆಯಂಥ ಚೀಲದೊಳಗೆ ಒಂದು ಸಣ್ಣ ಗುಂಡು ಕಾಣುತ್ತದೆ. ಸುತ್ತಲೂ ಬುತ್ತಿ ಎಲ್ಲಾದರೂ ಇದೆಯೇ ಹುಡುಕಿ, ಕಂಡದ್ದನ್ನು ನಿಮ್ಮ ಜೀವಶಾಸ್ತ್ರದ ಪ್ರಯೋಗ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿ.